ಹೆಸರಿಲ್ಲದ ಗಿಡಗಳ ಹೇಮಾವತಿ

ಹುಲಿಹೈದರದ ಹಿಂದಿನ ಗುಡ್ಡದಲ್ಲಿ ದಾಖಲಿಸಬೇಕಾದ ಜೀವಿ ಯಾವುದೂ ಇಲ್ಲ ಎಂದು ಕಲ್ಲುಕ್ವಾರಿಯವರ ಸಮೀಕ್ಷೆ ಬರೆದುಕೊಟ್ಟಿದೆ. ಸಮೀಕ್ಷೆ ನಡೆದದ್ದು ಏಪ್ರಿಲ್ ತಿಂಗಳ ಬಿಸಿಲಲ್ಲಿ. ಬಂದವರು ಜೀಪಿನಿಂದ ಇಳಿಯಲಿಲ್ಲ.

ಈಗ ಜೂನ್. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅದೇ ಗುಡ್ಡದ ನೆತ್ತಿಯ ಬಂಡೆಯ ಮೇಲೆ ಹೇಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಊರೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಇಲ್ಲಿ ಒಂದಿಷ್ಟು ಸಿಗುತ್ತದೆ. ಮೊಬೈಲಿನಲ್ಲಿ ಯಾರೋ ಯಲಬುರ್ಗಾ ಕಡೆಯಿಂದ ಹಾಕಿದ ಹೂವಿನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ. ಕೆಳಗಿನ ದಾರಿಯಲ್ಲಿ ಗಾಡಿಯ ಸದ್ದಾದರೆ ಬೆರಳು ನಿಂತುಬಿಡುತ್ತದೆ. ಹಾಲಿನ ಗಾಡಿ ಎಂದು ಖಾತ್ರಿಯಾದ ಮೇಲೆಯೇ ಉಸಿರು ಬಿಡುವುದು.

ಹೊಟ್ಟೆಪಾಡಿಗೆ ಹೇಮಾವತಿ ಜಂಪರು ಹೊಲಿಯುತ್ತಾರೆ. ಹೊಲಿಗೆಯ ಆಚೆಗಿನ ಕೆಲಸ ಊರಿಗೆ ಕಾಣುವುದಿಲ್ಲ. ಜನ ತಾವು ಕಂಡ ಗಿಡ, ಹುಳ, ಹಕ್ಕಿಯ ಚಿತ್ರ ಏರಿಸುವ ಅಂತರ್ಜಾಲದ ತಾಣವೊಂದಿದೆ. ಅಲ್ಲಿನ ಹೆಸರುಗಳ ಪಟ್ಟಿಯಲ್ಲಿ ಇಲ್ಲದ ಜೀವಿಯ ಚಿತ್ರ ಬಂದರೆ ಅದು ‘ಯಾವುದೋ ಸಸ್ಯ’ ಎಂದು ವರ್ಷಗಟ್ಟಲೆ ಬಿದ್ದಿರುತ್ತದೆ. ಅಂಥದ್ದನ್ನು ಹೆಕ್ಕಿ, ಹಳೆಯ ಸಸ್ಯಶಾಸ್ತ್ರದ ಬರಹಗಳೊಂದಿಗೆ ಎಲೆ, ದಳ, ಕಾಯಿ ತಾಳೆ ನೋಡಿ, ಆಧಾರ ಒದಗಿಸಿ ಹೆಸರು ಸೇರಿಸುವುದು ಹೇಮಾವತಿಯ ಕೆಲಸ. ಗಂಗಾವತಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದು ಅರ್ಧಕ್ಕೆ ನಿಂತಿತು, ಮದುವೆಯಾಯಿತು. ಗಿಡ ನೋಡುವ ಚಾಳಿ ಮಾತ್ರ ನಿಲ್ಲಲಿಲ್ಲ.

“ಒಂದು ಹೆಸರು ಸೇರಸಾಕ ಒಮ್ಮೊಮ್ಮೆ ಒಂದು ಮಳಿಗಾಲನ ಹೋಗತೈತ್ರಿ. ಹೂವು ಸಿಕ್ರ ಕಾಯಿ ಸಿಗಂಗಿಲ್ಲ. ಆದ್ರ ಹೆಸರಿಲ್ಲದ್ದು ಯಾವ ಲೆಕ್ಕಕ್ಕೂ ಬರಂಗಿಲ್ಲ ನೋಡ್ರಿ. ಜೆಸಿಬಿ ಬಂದಾಗ ‘ಇಲ್ಲೇನಿತ್ತು?’ ಅಂತ ಯಾರ ಕೇಳತಾರ?”

ಅತ್ತೆ ಮುದಕಮ್ಮನಿಗೆ ಇದು ತಮಾಷೆಯ ವಸ್ತು. “ಸತ್ತೋರ ಹೆಸರು ರೇಷನ್ ಕಾರ್ಡಿನಾಗ ಹಂಗ ಅದಾವ, ತಗಸಾಕ ಆಗವಲ್ದು. ಈಕಿ ಕಸದ ಹೆಸರು ಸೇರಸಾಕ ಗುಡ್ಡ ಹತ್ತತಾಳ,” ಎಂದು ನಗುತ್ತಾರೆ. ಈಚೆಗೆ ಆ ನಗುವೂ ಕಡಿಮೆಯಾಗಿದೆ. ಮಗ, ಹೇಮಾವತಿಯ ಗಂಡ ಕಲ್ಲೇಶನ ಟ್ರ್ಯಾಕ್ಟರಿಗೆ ಬಾಡಿಗೆ ಸಿಗುತ್ತಿರುವುದೇ ಆ ಕ್ವಾರಿಯವರಿಂದ.

ಕ್ವಾರಿಯವರೊಂದಿಗೆ ಜಗಳ ಹತ್ತಿರುವುದು ಒಂದು ಗಡ್ಡೆಗೆ. ಕುರಿಗಾಹಿಗಳು ಕಲ್ಲಗಡ್ಡಿ ಎನ್ನುವ ಈ ಬಳ್ಳಿ ವರ್ಷದ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಮುಂಗಾರು ಬಿದ್ದ ಮೇಲೆ ಕೆಲವೇ ವಾರ ಎಲೆ, ಹೂವು, ಮತ್ತೆ ಮಾಯ. ಬೇಸಿಗೆಯಲ್ಲಿ ಜೀಪಿನ ಕಿಟಕಿಯಿಂದ ಇಣುಕಿದವರಿಗೆ ಅದು ಕಾಣುವುದಾದರೂ ಹೇಗೆ? ಹೇಮಾವತಿಗೆ ಇದನ್ನು ತೋರಿಸಿದ್ದು ಕುರಿ ಮೇಯಿಸುವ ಹೊಳಿಯಪ್ಪ. ಹಸಿವಾದಾಗ ಗಡ್ಡೆ ಅಗೆದು ತಿನ್ನುವುದು ಅವರ ಹಳೆಯ ವಾಡಿಕೆ. ಆದರೆ ಮೊಳಕೆಯ ಕಣ್ಣಿರುವ ತಲೆಭಾಗವನ್ನು ಕೊಯ್ದು ಅದೇ ಕುಣಿಗೆ ಇಟ್ಟು, ಮಣ್ಣು ಮುಚ್ಚಿಯೇ ಮುಂದೆ ಹೋಗಬೇಕು.

“ತಲಿ ಉಳಿಸಿದ್ರ ಬರೋ ವರ್ಷ ಮತ್ತ ಉಣ್ಣಾಕ ಸಿಗತೈತಿ ತಂಗಿ. ನಾವು ಕುರಿ ಕಾಯೋರು, ಆದ್ರ ಕುರಿಗಿಂತ ಬುದ್ಧಿ ಒಂದು ಗುಲಗಂಜಿ ಜಾಸ್ತಿ ಐತಿ,” ಎನ್ನುತ್ತಾನೆ ಹೊಳಿಯಪ್ಪ.

ಹೋದ ವರ್ಷ ಹೇಮಾವತಿ ಈ ಬಳ್ಳಿಯ ಹೆಸರನ್ನು ತಾಣಕ್ಕೆ ಸೇರಿಸಿದರು. ಅಪಾಯದಲ್ಲಿದೆ ಎಂದು ಗುರುತಾದ ಜೀವಿ ಇರುವ ಜಾಗವನ್ನು ಆ ತಾಣ ತಾನಾಗಿಯೇ ಮರೆಮಾಡುತ್ತದೆ. ಹೊಸದಾಗಿ ಸೇರಿದ ಹೆಸರಿಗೆ ಅಂಥ ಗುರುತು ಇರುವುದಿಲ್ಲ. ಯಲಬುರ್ಗಾ ಕಡೆಯ ಗುಡ್ಡವೊಂದರ ಚಿತ್ರಗಳು ಜಾಗದ ಸಮೇತ ತೆರೆದೇ ಉಳಿದವು. ತಿಂಗಳೊಳಗೆ ಗಡ್ಡೆ ಮಾರುವವರು ಬಂದರು. ಹೇಮಾವತಿ ಹೋಗಿ ನೋಡಿದಾಗ ಬರೀ ಕುಣಿಗಳಿದ್ದವು. ಒಂದರಲ್ಲೂ ತಲೆಭಾಗ ಇರಲಿಲ್ಲ. ಅವತ್ತಿನಿಂದ ಹುಲಿಹೈದರದ ಚಿತ್ರಗಳ ಜಾಗವನ್ನು ತಾವೇ ಮುಚ್ಚಿಟ್ಟಿದ್ದಾರೆ.

ಕ್ವಾರಿಯ ವಿರುದ್ಧ ಹೇಮಾವತಿ ಸಲ್ಲಿಸಿದ ಆಕ್ಷೇಪಣೆಯ ವಿಚಾರಣೆ ಬರುವ ಸೋಮವಾರ. ಬಳ್ಳಿ ಇರುವ ನಿಖರ ಜಾಗ ಕೊಡಬೇಕು, ಅದರ ಪ್ರತಿ ಕ್ವಾರಿಯವರಿಗೂ ಹೋಗಬೇಕು ಎನ್ನುತ್ತದೆ ವಿಚಾರಣೆ ನಡೆಸುವ ಸರ್ಕಾರಿ ಕಚೇರಿ. ಜಾಗ ಕೊಡದಿದ್ದರೆ ಆಕ್ಷೇಪಣೆ ಬಿದ್ದುಹೋಗಬಹುದು. ಕೊಟ್ಟರೆ ವಿಚಾರಣೆಗೆ ಮೊದಲೇ ಜೆಸಿಬಿಯ ಒಂದು ಬೆಳಗಿನ ಕೆಲಸ. ಇರುವುದನ್ನು ಇಲ್ಲ ಎಂದು ಬರೆದವರು ಯಾವ ಸಾಕ್ಷಿಯನ್ನೂ ತರಬೇಕಿಲ್ಲ, ಇದೆ ಎನ್ನುವವಳು ಮಾತ್ರ ಅದರ ಕುತ್ತಿಗೆಯನ್ನೇ ಹಿಡಿದು ತಂದೊಪ್ಪಿಸಬೇಕು! ಹೊಸ ಚಿತ್ರ ತೆಗೆಯೋಣವೆಂದರೆ ಮಳೆಯೂ ಬಂದಿಲ್ಲ. ಹೇಮಾವತಿ ಆಕಾಶ ನೋಡುತ್ತಾರೆ, ಮೊಬೈಲ್ ನೋಡುತ್ತಾರೆ. “ನಿದ್ದಿ ಹತ್ತವಲ್ದ್ರಿ. ಯಲಬುರ್ಗಾದ ಕುಣಿನ ಕಣ್ಣಾಗ ಬರತಾವ.”

ಇಳಿದು ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಕ್ವಾರಿಯ ಮೇಲ್ವಿಚಾರಕ ಗೋವಿಂದರಾಜ ಚಹಾ ಕುಡಿಯುತ್ತ ಕೂತಿದ್ದಾನೆ. ಮುದಕಮ್ಮ ಬಾಗಿಲಲ್ಲೇ ನಿಂತಿದ್ದಾರೆ.

“ಅಕ್ಕಾರ, ಜಾಗ ತೋರಿಸಿಬಿಡ್ರಿ. ಅಷ್ಟಕ್ಕ ತಂತಿಬೇಲಿ ಹಾಕಸ್ತೀವಿ. ಬ್ಯಾಡಂದ್ರ ನೆಟ್ಟಿನಾಗಿಂದ ಆ ಫೋಟೋ ತಗದುಬಿಡ್ರಿ, ಆಕ್ಷೇಪಣಿನೂ ವಾಪಸ್ ತಗೋರಿ. ಕಲ್ಲೇಶಣ್ಣನ ಬಾಡಿಗಿ ಸುದ್ದಿ ನಾ ಮಾತಾಡಂಗಿಲ್ಲ.”

“ಮಾತಾಡಂಗಿಲ್ಲ ಅನಕೋತನ ಮಾತಾಡಿದಿ ಬಿಡಪಾ,” ಎನ್ನುತ್ತಾರೆ ಮುದಕಮ್ಮ. ಆಮೇಲೆ ಸೊಸೆಯತ್ತ ತಿರುಗಿ, ದನಿ ಇಳಿಸಿ, “ಹೇಮವ್ವ, ತಗದುಬಿಡು. ಮನಿ ನಡೀಬೇಕಲ್ಲ?” ಎನ್ನುತ್ತಾರೆ.

ಹೇಮಾವತಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಳ್ಳುತ್ತಾರೆ. ಗೋವಿಂದರಾಜನನ್ನು ನೋಡುತ್ತಾರೆ.

“ಸೋಮವಾರ ನಾ ಕಚೇರಿಗೆ ಬರತೀನಿ. ಮಳಿ ಆದ ಮ್ಯಾಲೆ ಬರ್ರಿ, ಪೂರಾ ಗುಡ್ಡ ನಡದು ನೋಡ್ರಿ ಅಂತ ಸಾಹೇಬರಿಗೆ ಕೇಳತೀನಿ. ಅವರು ಒಪ್ತಾರೋ ಇಲ್ಲೋ, ನನಗ ಗೊತ್ತಿಲ್ಲ. ಆದ್ರ ಹಾಕಿದ ಫೋಟೋ ತಗಿಯಂಗಿಲ್ಲ. ಜಾಗಾನೂ ತೋರಸಂಗಿಲ್ಲ. ನಿನ್ನ ಚಾ ಆರಾಕತ್ತೈತಿ, ಕುಡದು ಹೋಗಪಾ.”