ಹಂಪಿ ಗೋಪುರ ಮತ್ತು ಒಂದಿಷ್ಟು ಕೊಸರು

ರಾಯದುರ್ಗದಿಂದ ಹಂಪಿಗೆ ಹೋಗಿ ಬರಲು ಕಾರಿಗೆ ಮೂರು ಸಾವಿರದ ಎಂಟುನೂರು ಕೊಟ್ಟೆ. ಡೀಸೆಲ್ಲು, ಡ್ರೈವರನ ಭತ್ಯೆ, ಆಂಧ್ರದ ಟ್ಯಾಕ್ಸಿ ಕರ್ನಾಟಕದ ಗಡಿ ದಾಟಲು ಬೇಕಾದ ಪರ್ಮಿಟ್ಟು ಎಲ್ಲ ಅದರಲ್ಲೇ. ಬಸ್ಸಿಗೆ ಹೋಗಿದ್ದರೆ ಇದರಲ್ಲಿ ಕಾಲು ಭಾಗವೂ ಆಗುತ್ತಿರಲಿಲ್ಲ, ನನಗೂ ಗೊತ್ತು. ಆದರೆ ಬಳ್ಳಾರಿಯಲ್ಲಿ ಇಳಿದು ಹತ್ತಬೇಕು, ಹೊಸಪೇಟೆಯಲ್ಲಿ ಇಳಿದು ಹತ್ತಬೇಕು. ನಮ್ಮ ಅತ್ತೆಗೆ ಮೊಣಕಾಲು ನೋವು. ಮೇಲಾಗಿ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು, ಧೂಳಿಗೆ ಒಡ್ಡಬೇಡಿ ಅಂತ ಡಾಕ್ಟರು ಹೇಳಿದ್ದರು. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಕೈ ಬಿಡಬೇಕು ಎನ್ನುವುದನ್ನು ಕಲಿಯದೆ ಹೋಗಿದ್ದರೆ ನಾನು ಇವತ್ತಿಗೂ ಇನ್ನೊಬ್ಬರ ಜೀನ್ಸ್ ಯೂನಿಟ್ಟಿನಲ್ಲಿ ದಾರದ ತುದಿ ಕತ್ತರಿಸುತ್ತಾ ಕೂತಿರುತ್ತಿದ್ದೆ. ಈಗ ನನ್ನದೇ ಆರು ಮಿಷನ್ನುಗಳಿವೆ.

ಹಂಪಿಗೇ ಯಾಕೆ ಎಂದರೆ, ನಮ್ಮ ಮನೆಯಲ್ಲಿ ಸುಳ್ಳಿಗೆ ‘ಹಂಪಿ ಗೋಪುರ’ ಎಂದು ಹೆಸರು. ನಮ್ಮ ಮಾವ ವಯಸ್ಸಿನಲ್ಲಿದ್ದಾಗ ಕೂಲಿಗೆಂದು ಹೊಸಪೇಟೆ ಕಡೆ ಹೋಗಿ, ಹಂಪಿ ನೋಡಿ ಬಂದಿದ್ದರಂತೆ. ವಿರೂಪಾಕ್ಷನ ಗುಡಿಯ ಹಿಂದೊಂದು ಕತ್ತಲೆ ಕೋಣೆ ಇದೆ, ಗೋಡೆಯಲ್ಲೊಂದು ಸಣ್ಣ ಕಿಂಡಿ ಇದೆ, ಮುಂಬಾಗಿಲ ದೊಡ್ಡ ಗೋಪುರದ ನೆರಳು ಆ ಕಿಂಡಿಯಿಂದ ಬಂದು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ ಎಂದು ಹೊಸ ಹೆಂಡತಿಗೆ ಹೇಳಿದರು. ಅತ್ತೆ ಮಡಕಶಿರದ ಕಡೆಯವರು, ಮಾತಿಗೆ ಮಾತು ಕೊಡುವವರು. “ಗೋಪುರ ತಲೆಕೆಳಗಾದ್ರೆ ಕಳಸ ಉದುರಕಿಲ್ವಾ?” ಎಂದು ಕೇಳಿದ್ದರಂತೆ. ಅಲ್ಲಿಂದ ಮುಂದೆ ಮಾವ ತಡವಾಗಿ ಮನೆಗೆ ಬಂದು ಏನೇ ಸಬೂಬು ಹೇಳಲಿ, “ಬಂತು ನೋಡು ಹಂಪಿ ಗೋಪುರ” ಎನ್ನುವುದು ರೂಢಿಯಾಯಿತು. ನನ್ನ ಗಂಡ ಶಾಲೆಗೆ ಚಕ್ಕರ್ ಹೊಡೆದಾಗಲೂ ಅದೇ, ನಾನು ಸೊಸೆಯಾಗಿ ಬಂದು ಸಾರಿಗೆ ಉಪ್ಪು ಹಾಕಿದ್ದೇನೆಂದು ವಾದಿಸಿದಾಗಲೂ ಅದೇ.

ಹೋದ ವರ್ಷ ಮಾವ ತೀರಿಕೊಂಡರು. ಮಗಳು ಅಜ್ಜಿಗೆ ಫೋನಿನಲ್ಲಿ ಆ ನೆರಳಿನ ವಿಡಿಯೋ ತೋರಿಸಿದಳು. ಅತ್ತೆ ಫೋನನ್ನೇ ತಿರುಗಿಸಿ ಹಿಡಿದು, “ಈಗ ನೆಟ್ಟಗೈತೆ ನೋಡು. ಇದ್ರಾಗೆ ಏನ್ ಬೇಕಾದ್ರೂ ಮಾಡ್ತಾರೆ” ಎಂದು ವಾಪಸ್ ಕೊಟ್ಟರು. ಆದರೆ ಕಣ್ಣಿನ ಪಟ್ಟಿ ಬಿಚ್ಚಿದ ದಿನ ನನ್ನ ಕೈ ಹಿಡಿದು ಹೇಳಿದ್ದು ಇದನ್ನೇ: “ನಿಮ್ಮಾವ ಸುಳ್ಳೇಳಿದ್ರೋ ಇಲ್ವೋ, ನನ್ ಕಣ್ಣಾರೆ ನೋಡ್ಬೇಕು ಕಣೆ. ಇಷ್ಟು ವರ್ಷ ಸುಳ್ಳುಗಾರ ಅಂದಿವ್ನಿ.”

ನಾನು ಮೊದಲ ಹೊಲಿಗೆ ಮಿಷನ್ನು ಕೊಂಡಾಗ ಮನೆಯಲ್ಲಿ ಬೆಳಕಿದ್ದದ್ದು ಒಂದೇ ಕಿಟಕಿಯ ಹತ್ತಿರ. ಅದು ಅತ್ತೆ ಮಲಗುವ ಜಾಗ. ನಾನು ಕೇಳುವ ಮೊದಲೇ ಹಾಸಿಗೆ ಸುತ್ತಿಕೊಂಡು ಒಲೆಯ ಮೂಲೆಗೆ ಹೋದವರು ಅವರು. ಹಾಗಾಗಿ ಈ ಖರ್ಚಿಗೆ ನಾನು ಎರಡನೇ ಯೋಚನೆ ಮಾಡಲಿಲ್ಲ. ಚೌಕಾಸಿಯನ್ನು ಮಾತ್ರ ಬಿಡಲಿಲ್ಲ.

“ಅಕ್ಕಾ, ಇನ್ನ ಇಳಿಸಿದ್ರ ನಾ ಕಾರು ತಳ್ಳಿಕೊಂಡು ಹೋಗಬೇಕಾಗ್ತೈತ್ರಿ” ಎಂದ ಡ್ರೈವರು. ನಮ್ಮ ಬೀದಿಯವನೇ.

“ಆತಪ್ಪ, ಕೊಸರು ಏನ್ ಕೊಡ್ತಿ?”

“ಬಾಡಿಗೀಗೆ ಎಂಥಾ ಕೊಸರ್ರಿ? ಬದ್ನಿಕಾಯಿ ಏನ್ರಿ ಇದು?”

ಕೊಸರು ಎಂದರೆ ನಮ್ಮ ಕಡೆ ಗೊತ್ತಲ್ಲ, ತೂಕವಾಗಿ ದುಡ್ಡು ಕೊಟ್ಟ ಮೇಲೆ ಮೇಲೊಂದು ಹಾಕಿಸಿಕೊಳ್ಳುವುದು. ತೆಲುಗಿನಲ್ಲೂ ಅದೇ ಮಾತು, ಹಾಗಾಗಿ ಯಾವ ಸಂತೆಯಲ್ಲೂ ತೊಡಕಿಲ್ಲ. ಕೊಸರಿಲ್ಲದೆ ಬಂದರೆ ನನಗೆ ವ್ಯಾಪಾರ ಮುಗಿದಂತೆ ಅನ್ನಿಸುವುದಿಲ್ಲ. “ಹೋಗೋ ಮುಂದ ನೇಮಕಲ್ಲು ಆಂಜನೇಯನ್ನ ತೋರ್ಸು. ಅದಾ ಕೊಸರು” ಎಂದೆ. ಅವನು ತಲೆ ಕೆರೆದುಕೊಂಡು ಒಪ್ಪಿದ, ಆದರೆ ಅವನೂ ಒಂದು ಮಾತು ಹಾಕಿದ: ರಾತ್ರಿ ಗುಂತಕಲ್ ಸ್ಟೇಷನ್ನಿಗೆ ಬೇರೆ ಬಾಡಿಗೆ ಇದೆ, ಊಟ ಮುಗಿಸಿದ ತಕ್ಷಣ ಹಂಪಿ ಬಿಡಬೇಕು.

ಸ್ವಾತಂತ್ರ್ಯ ದಿನದ ರಜೆ. ಮಿಷನ್ ರಿಪೇರಿಯವನು ಬರುತ್ತಾನೆಂದು ನನ್ನ ಗಂಡ ಯೂನಿಟ್ಟಿನಲ್ಲೇ ಉಳಿದರು, ಮಗಳು ಶಾಲೆಯ ಕಾರ್ಯಕ್ರಮಕ್ಕೆ ಹೋದಳು. ನಾವಿಬ್ಬರೇ ಹಿಂದಿನ ಸೀಟಿನಲ್ಲಿ. ಬೊಮ್ಮನಹಾಳ್ ಬರುತ್ತಿದ್ದಂತೆ ಕಾಲುವೆಯ ಬದಿ ಭತ್ತದ ಮಡಿಗಳು, ಬೆಳಗಿನ ಎಳೆ ಬಿಸಿಲು. ಅತ್ತೆ ಹೊಸ ಕಣ್ಣಿನಿಂದ ಒಂದೊಂದನ್ನೂ ಹೆಸರಿಟ್ಟು ನೋಡಿದರು. “ಬಕ ಕಣೆ. ಅಗೋ ಇನ್ನೊಂದು.”

ನೇಮಕಲ್ಲಿನಲ್ಲಿ ನನ್ನ ಲೆಕ್ಕ ತಪ್ಪಿತು. ಶ್ರಾವಣ ಮಾಸ, ಅದರ ಮೇಲೆ ರಜೆ. ಸಾಲು ಗುಡಿಯಿಂದ ಹೊರಗೆ ರಸ್ತೆಯವರೆಗೆ ಬಂದಿತ್ತು. ಅತ್ತೆ ಆಕಾಶ ನೋಡುತ್ತಾ, “ಹನುಮಪ್ಪ ಎಲ್ಲೂ ಹೋಗಕಿಲ್ಲ ಕಣೆ, ಬಿಸ್ಲು ಹೋಗ್ತದೆ” ಎಂದರು. ಕೇಳಿ ಪಡೆದ ಕೊಸರನ್ನು ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ. ನಿಂತೆವು.

ಹಂಪಿ ಮುಟ್ಟುವ ಹೊತ್ತಿಗೆ ಮೋಡ ಕವಿದಿತ್ತು. ಗುಡಿಯ ಹಿಂಬದಿಯ ಮೆಟ್ಟಿಲುಗಳನ್ನು ಅತ್ತೆ ನನ್ನ ಭುಜ ಹಿಡಿದು ಹತ್ತಿದರು. ಕತ್ತಲೆ ಕೋಣೆ ಇತ್ತು, ಕಿಂಡಿ ಇತ್ತು, ಗೋಡೆಯೂ ಇತ್ತು. ಗೋಡೆಯ ಮೇಲೆ ಏನೂ ಇರಲಿಲ್ಲ. “ಮೋಡ ಐತ್ರಿ, ಬೆಳಕಿಲ್ಲದ ಏನೂ ಬೀಳಂಗಿಲ್ಲ. ಈಗ ಬಾಗಿಲಾ ಹಾಕ್ತಾರ, ಸಂಜಿಮುಂದ ಬರ್ರಿ” ಎಂದರು ಅಲ್ಲಿದ್ದ ಗುಡಿಯವರು.

ಅತ್ತೆ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. “ಗೋಡೆ ಚೆನ್ನಾಗೈತೆ” ಎಂದರು. “ನಿಮ್ಮಾವ ಇದನ್ನೇ ನೋಡಿರ್ತಾರೆ. ಮಿಕ್ಕಿದ್ದು ಅವ್ರೇ ಕಟ್ಟಿರ್ತಾರೆ.” ತಮಾಷೆಗೆ ಹೇಳಿದರೂ ದನಿ ಕುಗ್ಗಿತ್ತು. ನೇಮಕಲ್ಲಿನ ಆ ಸಾಲಿನಲ್ಲಿ ಕಳೆದ ಹೊತ್ತನ್ನು ನಾನು ಬೆರಳಲ್ಲಿ ಎಣಿಸಿದೆ.

ಗುಡಿಯ ಮುಂದಿನ ಉದ್ದನೆಯ ಬೀದಿಯಲ್ಲಿ, ಹಳೆಯ ಅಂಗಡಿ ಸಾಲಿನ ಒಂದು ಕಲ್ಲು ಮಂಟಪದಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಡ್ರೈವರನನ್ನೂ ಕರೆದು ಕೂರಿಸಿಕೊಂಡೆ. ಈ ಪೇಟೆಯಲ್ಲಿ ಮುತ್ತು ರತ್ನ ರಾಶಿ ಹಾಕಿ ಮಾರುತ್ತಿದ್ದರಂತೆ ಎಂದು ಅವನು ಹೇಳಿದ.

“ಆವತ್ತೂ ಇವಳಂಥೋಳು ಒಬ್ಳು ಬಂದಿರ್ತಾಳೆ” ಎಂದರು ಅತ್ತೆ. “ಸೇರು ಮುತ್ತು ತಗೊಂಡಿವ್ನಿ, ಮೇಲೊಂದು ಕೆಂಪಿನ ಹರಳು ಕೊಸರು ಹಾಕಪ್ಪ ಅಂತ.”

“ಅದಕ್ಕಾ ಪ್ಯಾಟಿ ಹಾಳಾಗೇತಿ ಬಿಡ್ರಿ ಅವ್ವಾರ” ಎಂದು ಡ್ರೈವರು ನಕ್ಕ. ನಾನೂ ನಕ್ಕೆ. ಅತ್ತೆ ನಗಲಿಲ್ಲ, ರೊಟ್ಟಿಯನ್ನು ಮುರಿಯುತ್ತಲೇ ಇದ್ದರು, ಬಾಯಿಗಿಡಲಿಲ್ಲ.

ಕೈ ತೊಳೆಯಲು ಹೋದಾಗ ಅವನು ನನ್ನನ್ನು ಕೇಳಿದ: “ಅವ್ವಾರ ಮಾರಿ ಯಾಕ ಸಣ್ಣಾಗೇತ್ರಿ?” ಹಂಪಿ ಗೋಪುರದ ಕತೆಯನ್ನೆಲ್ಲ ಹೇಳಿದೆ. ಬೆಳಗ್ಗೆ ಹೇಳಿರಲಿಲ್ಲ, ನಮಗೆಷ್ಟು ಬೇಕಾಗಿದೆ ಎಂದು ತಿಳಿದರೆ ಬಾಡಿಗೆ ಏರುತ್ತದೆ, ಅದು ನನ್ನ ಹಳೆಯ ಲೆಕ್ಕ. ಅವನು ಆಕಾಶ ನೋಡಿದ, ಅತ್ತೆ ಕೂತ ಕಡೆ ನೋಡಿದ, ಪಕ್ಕಕ್ಕೆ ಹೋಗಿ ಫೋನ್ ಮಾಡಿದ. ಬಂದು, “ಗುಂತಕಲ್‌ಗೆ ನಮ್ಮ ಭಾವ ಹೋಗ್ತಾನ್ರಿ. ಸಂಜಿಮಟ ಕುಂದ್ರೂಣು” ಎಂದ.

“ವೇಟಿಂಗ್ ಎಷ್ಟಪ್ಪ?” ಎಂದೆ. ಎಷ್ಟು ಹೇಳಿದರೂ ಕೊಡುವವಳಿದ್ದೆ.

“ಕೊಸರು ಅಂದ್ಕೋರಿ ಅಕ್ಕಾ” ಎಂದು ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

ನಾನು ಎಷ್ಟೋ ಅಂಗಡಿಗಳಲ್ಲಿ ವಾದ ಮಾಡಿ ಕೊಸರು ಪಡೆದಿದ್ದೇನೆ. ಕೇಳದೆಯೇ ಬಂದದ್ದು ಅದೊಂದು. ಅವನಿಗೆ ಇನ್ನೊಂದು ರೊಟ್ಟಿ ಕೊಟ್ಟೆ.

ಇಳಿಹೊತ್ತಿಗೆ ಮೋಡ ಪಡುವಣದಲ್ಲಿ ಹರಿದು ಬಿಸಿಲು ನೇರ ಗೋಪುರದ ಮೇಲೆ ಬಿತ್ತು. ಗುಡಿಯ ಬಾಗಿಲು ತೆರೆದದ್ದೇ ತಡ, ಡ್ರೈವರು ಒಂದು ಕಡೆ, ನಾನೊಂದು ಕಡೆ ಹಿಡಿದುಕೊಂಡು ಅತ್ತೆಯನ್ನು ಮೆಟ್ಟಿಲು ಹತ್ತಿಸಿದೆವು. ಕೋಣೆಯೊಳಗೆ ಕಣ್ಣು ಹೊಂದಿಕೊಳ್ಳಲು ತುಸು ಹೊತ್ತು ಬೇಕಾಯಿತು. ಆಮೇಲೆ ಕಂಡಿತು. ಗೋಪುರ ಅಂತಸ್ತು ಅಂತಸ್ತಾಗಿ, ಕಳಸ ಕೆಳಗಾಗಿ, ಗೋಡೆಯ ಮೇಲೆ ತೂಗುತ್ತಿತ್ತು.

ಅತ್ತೆ ನಮ್ಮಿಬ್ಬರ ಕೈ ಬಿಡಿಸಿಕೊಂಡರು. ಮುಂದೆ ಹೋಗಿ ತಮ್ಮ ಬಿಳಿ ಸೆರಗನ್ನು ಬಿಡಿಸಿ ಎರಡೂ ಕೈಯಿಂದ ಗೋಡೆಗೆ ಅಡ್ಡ ಹಿಡಿದರು. ಗೋಪುರ ಸೆರಗಿನ ಮೇಲೆ ಬಂದು ನಿಂತಿತು. ಆಗಲೇ ಒಂದು ಹಕ್ಕಿ ಸೆರಗಿನ ಈ ಅಂಚಿನಿಂದ ಆ ಅಂಚಿಗೆ ತಲೆಕೆಳಗಾಗಿ ಹಾರಿಹೋಯಿತು.

“ನಿಮ್ಮಾವ ಹಕ್ಕಿ ವಿಷ್ಯ ಹೇಳೇ ಇರ್ಲಿಲ್ಲ ಕಣೆ” ಎಂದರು. “ಬರೀ ನೆರಳು ಅಂದಿದ್ರು. ಹೇಳಿದ್ದಕ್ಕಿಂತ ಜಾಸ್ತೀನೇ ಐತೆ.” ಹಕ್ಕಿ ಹೋದ ಅಂಚಿನ ಕಡೆ ನೋಡಿ, “ಕೊಸರು ಬೇರೆ” ಎಂದು ನಕ್ಕರು. ನಗುತ್ತಲೇ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಪರೇಷನ್ ಆದ ಕಣ್ಣು, ಉಜ್ಜಬೇಡಿ ಎಂದು ಹೇಳುವ ಬದಲು ಸೆರಗಿನ ಇನ್ನೊಂದು ತುದಿಯನ್ನು ನಾನೇ ಹಿಡಿದುಕೊಂಡೆ.

ಮರುವಾರ ಡ್ರೈವರನ ಅಳತೆ ತರಿಸಿ ಒಂದು ಒಳ್ಳೆಯ ಜೀನ್ಸ್ ಹೊಲಿಸಿ ಕಳಿಸಿದೆ. ಮನೆಯಲ್ಲಿ ಒಂದೇ ತೊಂದರೆಯಾಗಿದೆ: ಸುಳ್ಳಿಗೆ ಈಗ ಹೆಸರೇ ಇಲ್ಲ. ಮೊನ್ನೆ ನನ್ನ ಗಂಡ ಏನೋ ಸಬೂಬು ಹೇಳಿದಾಗ ಅತ್ತೆ “ಬಂತು ನೋಡು...” ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಗೋಡೆಗೆ ತೂಗುಹಾಕಿದ ಮಾವನ ಫೋಟೋ ನೋಡಿದರು.

ನೀವೂ ಹೋಗುವುದಾದರೆ ಕೇಳಿ. ಮಳೆಗಾಲ ತಪ್ಪಿಸಿ, ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಇಳಿಬಿಸಿಲಿಗೆ ಸರಿಯಾಗಿ ಒಳಗಿರಿ. ಹಗುರ ಬಣ್ಣದ ಸೆರಗೋ ಪಂಚೆಯೋ ಇರಲಿ. ಬುತ್ತಿಯಲ್ಲಿ ಡ್ರೈವರನಿಗೂ ರೊಟ್ಟಿ ಇರಲಿ. ಬಾಡಿಗೆಗೆ ಧಾರಾಳವಾಗಿ ಚೌಕಾಸಿ ಮಾಡಿ, ಅದರಲ್ಲಿ ನಾಚಿಕೆ ಬೇಡ. ಆದರೆ ಕೊಸರು ಕೇಳುವಾಗ ಇನ್ನೊಂದು ಊರು ಕೇಳಬೇಡಿ, ಹೊತ್ತು ಕೇಳಿ. ಯಾತಕ್ಕೆ ಹೋಗುತ್ತಿದ್ದೀರಿ ಎಂದು ಹೊರಡುವ ಮುಂಚೆಯೇ ಬಾಯಿಬಿಟ್ಟು ಹೇಳಿ. ಇನ್ನು, ನಿಮ್ಮ ಮನೆಯಲ್ಲಿ ಯಾರದಾದರೂ ಮಾತನ್ನು ಸುಳ್ಳೆಂದು ನಗುತ್ತಾ ಬಂದಿದ್ದು, ಆ ಜಾಗ ಒಂದು ದಿನದ ದಾರಿಯಲ್ಲಿದ್ದರೆ, ಹೇಳಿದವರು ಇರುವಾಗಲೇ ಅವರನ್ನೂ ಕೂರಿಸಿಕೊಂಡು ಹೋಗಿ. ಕಾರಿನಲ್ಲಿ ಇನ್ನೊಬ್ಬರು ಕೂತರೆ ಬಾಡಿಗೆ ಹೆಚ್ಚಾಗುವುದಿಲ್ಲ.