ಸೂರ್ಯನಲ್ಲಿ ಒಂದು ಕಲೆ ಹೆಚ್ಚು

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಸಿಂದಗಿಯ ನಮ್ಮ ಮಾಳಿಗೆಯ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸೂರ್ಯನ ಕಲೆಗಳನ್ನು ಗುರುತಿಸುತ್ತೇನೆ. ದೂರದರ್ಶಕದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಪೆನ್ಸಿಲಿನಿಂದ ಚಿತ್ರ ಬರೆದು, ಹವ್ಯಾಸಿ ವೀಕ್ಷಕರ ಜಾಲತಾಣಕ್ಕೆ ಕಳಿಸುತ್ತೇನೆ. ಉಪಗ್ರಹ ತೆಗೆದ ದಿನದ ಚಿತ್ರಗಳು ಇನ್ನೊಂದು ತಾಣದಲ್ಲಿ ಸಿಗುತ್ತವೆ. ಅವನ್ನು ಶನಿವಾರ ಮಾತ್ರ ನೋಡುತ್ತೇನೆ. ಮೊದಲೇ ನೋಡಿದರೆ ನಕಲು ಹೊಡೆದಂತೆ.

ಹೋದ ಚಳಿಗಾಲದಲ್ಲಿ ಒಂದು ಶನಿವಾರ ತಾಳೆ ನೋಡಿದರೆ, ನನ್ನ ಮೂರು ದಿನದ ಚಿತ್ರಗಳಲ್ಲಿ ಒಂದು ಕಲೆ ಹೆಚ್ಚಿತ್ತು. ಉಳಿದವು ದಿನದಿನಕ್ಕೆ ಸರಿದಿದ್ದವು, ಇದು ಇದ್ದಲ್ಲೇ ಇತ್ತು. ಹೆಂಡತಿ ದೂರದರ್ಶಕದ ಹಿಂಬದಿಯ ಚಿಕ್ಕ ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದಳು.

“ಹಿಂದಿನ ಹೊಲದಾಗ ತೊಗರಿ ರಾಶಿ ಮಾಡಾಕತ್ತಾರಲ್ರಿ, ಅದರ ಹೊಟ್ಟು ಹತ್ತೈತಿ. ಹುಡುಗರ ಉಗುರು ಹೊಲಸಿದ್ರ ಹೊರಗ ನಿಲ್ಲಸ್ತಿದ್ರಿ, ಇದನ್ನ ಒರಸಾಕ ಆಗಲಿಲ್ಲೇನು?”

“ಇರಲಿ ಬಿಡು, ಯಾರಿಗೂ ಗೊತ್ತಾಗೂದಿಲ್ಲ.”

“ಹಂಗಂದ ಒಬ್ಬ ಹುಡುಗನ್ನರ ಬಿಟ್ಟೀರೇನು ನೀವು?”

ಕೂಡಲೇ ತಾಣಕ್ಕೆ ಬರೆದೆ: ಈ ಮೂರು ದಿನದ ಹೆಚ್ಚಿನ ಕಲೆ ತೊಗರಿಯ ಹೊಟ್ಟು, ದಯವಿಟ್ಟು ತೆಗೆಯಿರಿ. ತೆಗೆದರು. ನನ್ನ ಆ ಮೂರೂ ಚಿತ್ರಗಳ ಕೆಳಗೆ ‘ವೀಕ್ಷಕರೇ ತಿದ್ದಿದ್ದು’ ಎಂಬ ಸಾಲು ಈಗಲೂ ಇದೆ.