ಡೆಲ್ಮರ್ ಮುಟ್ಟಿ ನೋಡದ ಹೊಟ್ಟೆ

ಓಹಾಯೋದ ಆ ಸಣ್ಣ ಊರಿನಲ್ಲಿ ಮೊಲದ ವಿಷಯಕ್ಕೆ ತನ್ನನ್ನು ಮೀರಿಸಿದವನಿಲ್ಲ ಎಂದು ಡೆಲ್ಮರ್ ಕ್ರೌಸ್ ನಂಬಿದ್ದ. ಊರಿನವರೂ ನಂಬಿದ್ದರು, ನಂಬದಿದ್ದರೆ ಅವನ ಭಾಷಣ ಇನ್ನೂ ಉದ್ದವಾಗುತ್ತಿತ್ತು. ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಹಿತ್ತಲಿನ ಶೆಡ್ಡಿನಲ್ಲಿ ಸಾಲುಗೂಡು ಕಟ್ಟಿ ಮೊಲ ಸಾಕಿದ್ದ. ಹೆಣ್ಣು ಮೊಲದ ಹೊಟ್ಟೆಯಡಿ ಕೈಯಿಟ್ಟು, ಕಣ್ಣು ಅರೆಮುಚ್ಚಿ, ಪ್ರಾರ್ಥನೆಗೆ ನಿಂತ ಪಾದ್ರಿಯ ಹಾಗೆ ಮುಖ ಮಾಡಿ, "ಇದೆ" ಅಥವಾ "ಇಲ್ಲ" ಎನ್ನುವನು. ಮರಿ ಕಟ್ಟಿದ್ದರೆ ದ್ರಾಕ್ಷಿಯಂಥ ಮೆತ್ತನೆಯ ಗುಂಡುಗಳು ಬೆರಳಿಗೆ ಸಿಕ್ಕಿ ಜಾರುತ್ತವೆ, ಹಿಕ್ಕೆಯಾದರೆ ಗಟ್ಟಿ. ವಿದ್ಯೆ ಇಷ್ಟೇ. ಇಷ್ಟಕ್ಕೇ ಅವನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ.

ಮೊಲವನ್ನು ಮನೆಯೊಳಗೆ ಮಗುವಿನಂತೆ ಸಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವರಲ್ಲೂ ಹೆಂಡತಿ ಅರ್ಲೀನಳ ತಂಗಿ ಜೋಲೀನ್ ಎಂದರೆ ಮೂಗು ಮುರಿಯುತ್ತಿದ್ದ. ಅವಳು ದಂತವೈದ್ಯರ ಕಚೇರಿಯಲ್ಲಿ ಫೋನೆತ್ತುವ ಕೆಲಸದವಳು, ಒಂಟಿ ಹೆಂಗಸು. ಮಫಿನ್ ಎಂಬ ಕಂದು ಮೊಲವನ್ನು ಸೋಫಾದ ಮೇಲೆ ಕೂರಿಸಿಕೊಂಡು ಟೀವಿ ನೋಡುತ್ತಿದ್ದಳು.

ಒಮ್ಮೆ ಆ ಮಫಿನ್ ಬಾಯಿ ತುಂಬ ಒಣಹುಲ್ಲು ಕಚ್ಚಿಕೊಂಡು, ದೊಡ್ಡ ಮೀಸೆ ಬಂದಂತೆ ಮನೆಯೆಲ್ಲ ಓಡಾಡಿತು. ಎದೆಯ ತುಪ್ಪಳವನ್ನು ತಾನೇ ಕಿತ್ತು ಸೋಫಾದ ಹಿಂದೆ ಗುಡ್ಡೆ ಹಾಕಿತು. ಹತ್ತಿರ ಹೋದರೆ ಗುರ್ರೆಂದು ಮುಂಗಾಲಿನಿಂದ ಹೊಡೆಯಿತು. ಜೋಲೀನ್ ಹಿಗ್ಗಿ ಬಂಧುಗಳಿಗೆಲ್ಲ ಫೋನು ಮಾಡಿ, ಅಂಗೈಯಗಲದ ಉಣ್ಣೆಯ ಹೊದಿಕೆಯನ್ನೂ ಹೆಣೆದಳು.

ಡೆಲ್ಮರ್ ಬಂದು ಹೊಟ್ಟೆ ಮುಟ್ಟಿ ನೋಡಿದ.

"ಗಂಡೇ ಇಲ್ದಿರೋ ಮನೇಲಿ ಗಬ್ಬ ಎಲ್ಲಿಂದ ಬಂತು ಮಾರಾಯ್ತಿ? ಅಂಚೇಲಿ ಬಂತಾ?" ಎಂದ. "ಒಳಗಿರೋದು ಹುಲ್ಲು. ಸುಳ್ಳು ಬಸಿರು ಇದು. ಎರಡು ಮೂರು ವಾರದಲ್ಲಿ ಅದಕ್ಕೇ ಮರ್ತುಹೋಗುತ್ತೆ. ನೀನೂ ಮರ್ತುಬಿಡು."

ಹಾಗೆಯೇ ಆಯಿತು. ಆದರೆ ಡೆಲ್ಮರ್ ಮಾತ್ರ ಮರೆಯಲಿಲ್ಲ. ಚರ್ಚು ಮುಗಿಸಿ ಎಲ್ಲರೂ ಅವನ ಮನೆಯಲ್ಲಿ ಉಣ್ಣುವ ಭಾನುವಾರಗಳಲ್ಲಿ, ಆ ಮೊಲದ ಹುಲ್ಲುಮೀಸೆಯ ಹಾಗೆ ತುಟಿಯ ಮೇಲೆ ನೂಡಲ್ಸ್ ಇಳಿಬಿಟ್ಟುಕೊಂಡು, "ಜೋಲೀನ್, ನಾನೂ ಬಸ್ರಿ ಕಣೇ!" ಎನ್ನುವನು. ಮೇಜಿನ ಸುತ್ತ ಇದ್ದವರೆಲ್ಲ ನಗುವರು. ಅವಳು ತಟ್ಟೆ ನೋಡಿಕೊಂಡು ಉಣ್ಣುವಳು.

ಮೊಲ ಒಂಟಿ ಇದ್ದರೆ ಇಂಥ ಹುಚ್ಚು ಹಿಡಿಯುತ್ತದೆ, ಜೊತೆಗೊಂದು ಬೇಕು ಎಂದು ಅವನೇ ತನ್ನ ಶೆಡ್ಡಿನಿಂದ ಬೂದು ಬಣ್ಣದ ಮರಿಯೊಂದನ್ನು ಕೊಟ್ಟ. ಬಾಲ ಎತ್ತಿದ, ಅರೆಗಣ್ಣಲ್ಲಿ ನೋಡಿದ, "ಹೆಣ್ಣು" ಎಂದ.

"ಇನ್ನೊಂದ್ಸಲ ಸರಿಯಾಗಿ ನೋಡ್ರೀ, ತೀರಾ ಚಿಕ್ಕದು," ಎಂದಳು ಅರ್ಲೀನ್.

"ಮೊಲದ ವಿಷ್ಯ ನಂಗೆ ಹೇಳ್ಕೊಡ್ತೀಯಾ?"

ಜೋಲೀನ್ ಅದಕ್ಕೆ ಪ್ರಿಸಿಲ್ಲಾ ಎಂದು ಹೆಣ್ಣುಮಗಳ ಹೆಸರಿಟ್ಟಳು.

ಚಳಿಗಾಲದ ಹೊತ್ತಿಗೆ ಬೆಳೆದ ಪ್ರಿಸಿಲ್ಲಾ ಮಫಿನ್‌ಳ ಬೆನ್ನ ಮೇಲೆ ಹತ್ತತೊಡಗಿತು. ಜೋಲೀನ್ ಫೋನು ಮಾಡಿದಾಗ ಡೆಲ್ಮರ್ ಆಕಳಿಸುತ್ತ ಹೇಳಿದ: "ಹೆಣ್ಣು ಹೆಣ್ಣೂ ಹತ್ತುತ್ತವೆ. ದರ್ಬಾರು ತೋರ್ಸೋಕೆ. ಅಷ್ಟಾದ್ರೆ ಸಾಕು, ಕೆಳಗಿರೋದು ತಾನು ಗಬ್ಬ ಅಂದ್ಕೊಳ್ಳುತ್ತೆ. ಮತ್ತೆ ಹೊದಿಕೆ ಹೆಣೀಬೇಡ." ಹೇಳಿದ್ದೆಲ್ಲ ನಿಜವೇ. ಪ್ರಿಸಿಲ್ಲಾಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ.

ವಾರಗಳು ಕಳೆದವು. ಮಫಿನ್ ಈ ಸಲ ಅವಸರಪಟ್ಟು ತುಪ್ಪಳ ಕೀಳಲಿಲ್ಲ. ಹೊಟ್ಟೆ ಎರಡೂ ಪಕ್ಕಕ್ಕೆ ಹರಡಿತು, ತಿನ್ನುವುದು ಹೆಚ್ಚಿತು. ಹೋದ ಸಲ ಇಷ್ಟು ಹೊತ್ತಿಗೆ ಎಲ್ಲ ಮುಗಿದು ತಣ್ಣಗಾಗಿತ್ತು ಎಂಬುದು ಜೋಲೀನ್‌ಗೆ ನೆನಪಿತ್ತು. ಮರಿ ಹಾಕಲೆಂದು ಮರದ ಪೆಟ್ಟಿಗೆಯೊಂದಕ್ಕೆ ಹುಲ್ಲು ಹಾಸಿ, ಮೊಲಗಳು ರಾತ್ರಿ ಮಲಗುತ್ತಿದ್ದ ಬಟ್ಟೆ ಒಗೆಯುವ ಕೋಣೆಯಲ್ಲಿ ಇಟ್ಟಳು. ಭಾನುವಾರ ಮಫಿನ್‌ಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಊಟಕ್ಕೆ ಬಂದಳು.

"ಒಂದ್ಸಲ ಕೈಯಿಟ್ಟು ನೋಡು ಡೆಲ್ಮರ್. ಈ ಸಲ ಬೇರೆ ಥರ ಇದೆ. ಮರಿ ಹಾಕೋಕೆ ಪೆಟ್ಟಿಗೇನೂ ಇಟ್ಟಿದೀನಿ."

ಬಾಯಲ್ಲಿ ಆಲೂಗಡ್ಡೆ ತುಂಬಿಕೊಂಡಿದ್ದ ಅವನು ಬುಟ್ಟಿಯ ಕಡೆ ಕಣ್ಣು ಹಾಯಿಸಿದ, ಅಷ್ಟೇ. "ಇದೇ ಕೈಲಿ ಊಟ ಮಾಡ್ತಿದೀನಿ. ಎರಡು ಹೆಣ್ಣು ಸೇರಿ ಮರಿ ಹಾಕಿದ್ರೆ ನಾನು ಪತ್ರಿಕೆಗೆ ಸುದ್ದಿ ಕೊಡ್ತೀನಿ. ತಿಂದು ಕೊಬ್ಬಿದೆ ಅದು. ಆ ಪೆಟ್ಟಿಗೆ ಎತ್ತಿ ಆಚೆ ಇಡು, ಅದನ್ನ ನೋಡೇ ಅದಕ್ಕೆ ಭ್ರಮೆ."

ಎಲ್ಲರೂ ನಕ್ಕರು. ಜೋಲೀನ್ ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನೆಲಮಾಳಿಗೆಯಲ್ಲಿಟ್ಟಳು. ಅವನ ಮಾತಿನ ಮೇಲಿನ ನಂಬಿಕೆಗಿಂತ ಇನ್ನೊಂದು ಭಾನುವಾರದ ನೂಡಲ್ಸಿನ ಭಯವೇ ದೊಡ್ಡದಾಗಿತ್ತು.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಡೆಲ್ಮರ್ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಫೋನು ಬಂತು.

"ನೀನು ಹೇಳಿದ ಕೊಬ್ಬು ಕಿಚಿಕಿಚಿ ಅಂತಿದೆ. ಬಾ," ಎಂದಳು ಜೋಲೀನ್. ಸ್ವರದಲ್ಲಿ ಅಳುವೂ ಇತ್ತು, ಉರಿಯೂ ಇತ್ತು.

ಬಟ್ಟೆ ಒಗೆಯುವ ಕೋಣೆಯ ತಣ್ಣನೆಯ ನೆಲದ ಮೇಲೆ ಕೆಂಪು ಚರ್ಮದ ಮರಿಗಳು ಅಲ್ಲಲ್ಲಿ ಚೆಲ್ಲಿದ್ದವು. ಗೂಡಿಲ್ಲದೆ ಮಫಿನ್ ಕಂಡಕಂಡಲ್ಲಿ ತುಪ್ಪಳ ಕಿತ್ತು ಹಾಕಿತ್ತು. ಎರಡು ಮರಿ ಆಗಲೇ ಸೆಟೆದುಹೋಗಿದ್ದವು. ಡೆಲ್ಮರ್ ಮಂಡಿಯೂರಿ, ಜೀವವಿದ್ದವನ್ನು ಒಂದೊಂದಾಗಿ ಎತ್ತಿ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡ.

"ಪೆಟ್ಟಿಗೆ ತಾ. ತುಪ್ಪಳವೆಲ್ಲ ಬಾಚಿ ಹಾಕು. ಬೇಗ!"

ಮರಿಗಳಿಗೆ ಕಾವು ಹತ್ತಿ ಅವು ಮಿಸುಕಾಡತೊಡಗಿದ ಮೇಲೆ, ಅವನ್ನು ಪೆಟ್ಟಿಗೆಯ ತುಪ್ಪಳದಲ್ಲಿ ಮಲಗಿಸಿ, ಪ್ರಿಸಿಲ್ಲಾಳನ್ನು ಮಗುಚಿ ಹಿಡಿದು ನೋಡಿದ. ನೋಡಬೇಕಾದ್ದೆಲ್ಲ ಢಾಳಾಗಿ ಕಾಣುತ್ತಿತ್ತು. ಆ ಮೊಲವೇ ತನಗೆ ಮೋಸ ಮಾಡಿತೆಂಬಂತೆ ದುರುಗುಟ್ಟಿದ.

"ಗಂಡು," ಎಂದ.

"ಹೆಣ್ಣು ಅಂದವರ್ಯಾರು?"

"ಚಿಕ್ಕದಿದ್ದಾಗ ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಗೊತ್ತಿಲ್ಲ ಅನ್ಬೇಕಿತ್ತು. ಹೊಟ್ಟೆ ಮುಟ್ಟು ಅಂದೆ, ಮುಟ್ಟಲಿಲ್ಲ. ಪೆಟ್ಟಿಗೆ ತೆಗಿ ಅಂದೆ, ನಾನೂ ಬುದ್ಧಿಯಿಲ್ದೆ ತೆಗೆದೆ. ಆ ಎರಡು ಸತ್ತಿದ್ದು ನಿನ್ನ ಬಾಯಿಂದ, ಡೆಲ್ಮರ್."

ಮಾತಿಗೆ ಮಾತು ಸೇರಿಸುವುದರಲ್ಲಿ ಎತ್ತಿದ ಕೈಯಾಗಿದ್ದ ಅವನು "ಹೌದು" ಎಂದ. ಹಿತ್ತಲಿನ ಹೆಪ್ಪುಗಟ್ಟಿದ ನೆಲವನ್ನು ಅಗೆದು ಎರಡು ಮರಿಗಳನ್ನು ಅವನೇ ಮಣ್ಣು ಮಾಡಿದ. ನೆಲ ಕಲ್ಲಾಗಿತ್ತು, ಗುದ್ದಲಿ ಹಾಕಿದಾಗೆಲ್ಲ ಕೈ ಜುಮ್ಮೆನ್ನುತ್ತಿತ್ತು. ಜೋಲೀನ್ ಕಿಟಕಿಯಿಂದ ನೋಡುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ.

ಗಂಡನ್ನು ಅಂದೇ ಬೇರೆ ಮಾಡಿದರು. ಅದರ ಬೀಜ ತೆಗೆಸಿಕೊಂಡು ಬರುವುದು ಡೆಲ್ಮರನ ಪಾಲಿಗೆ ಬಂತು. ಹೆಸರು ಬದಲಿಸೋಣ ಎಂದು ಅವನು ಅಂಗಲಾಚಿದರೂ ಜೋಲೀನ್ ಒಪ್ಪಲಿಲ್ಲ.

ಪಶುವೈದ್ಯರ ಮೊಗಸಾಲೆಯಲ್ಲಿ ಊರಿನ ಅರ್ಧ ಜನ ನಾಯಿ ಬೆಕ್ಕು ಹಿಡಿದು ಕೂತಿದ್ದರು. "ಪ್ರಿಸಿಲ್ಲಾ ಯಾರ್ದು?" ಎಂದು ಅಲ್ಲಿನ ಕೆಲಸದ ಹುಡುಗಿ ಕೂಗಿದಳು. ಎರಡನೇ ಸಲ ಕೂಗಿದಾಗ ಡೆಲ್ಮರ್ ಎದ್ದ.

"ಅವಳಿಗೆ ಏನಾಗ್ಬೇಕು?"

"ಬೀಜ ತೆಗೀಬೇಕು," ಎಂದ, ಆದಷ್ಟು ಸಣ್ಣ ದನಿಯಲ್ಲಿ.

ಸಣ್ಣ ದನಿ ಸಾಕಾಗಲಿಲ್ಲ. ಮೊಗಸಾಲೆಯೆಲ್ಲ ಗೊಳ್ಳೆಂದಿತು. ಬುಟ್ಟಿ ಒಳಗೆ ಕೊಟ್ಟು, ಕಿವಿ ಕೆಂಪಾಗಿ ಬಂದು ಕೂತವನ ಪಕ್ಕಕ್ಕೆ ಮೊಲ ಎತ್ತಿಕೊಂಡಿದ್ದ ಒಬ್ಬ ಹೆಂಗಸು ಸರಿದಳು.

"ನೀವು ಡೆಲ್ಮರ್ ಕ್ರೌಸ್ ಅಲ್ವಾ? ಇದು ನಿನ್ನೆಯಿಂದ ತುಪ್ಪಳ ಕೀಳ್ತಿದೆ. ಗಬ್ಬವೋ, ಸುಮ್ನೆಯೋ?"

ಅವನು ಆ ಮೊಲವನ್ನು ನೋಡಿದ. ಅದೂ ಅವನನ್ನು ನೋಡಿತು.

"ಒಳಗೆ ಡಾಕ್ಟರಿದಾರೆ, ಅವರನ್ನೇ ಕೇಳಿ," ಎಂದು ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡ.